ಕೆಲಸ ಮಾಡದವರ ಹೆಸರನ್ನು ಲೇಖನದಲ್ಲಿ ಸೇರಿಸಬಹುದೇ?

ರಾಯಚೂರಿನ ಸಂಶೋಧನಾ ವಿದ್ಯಾರ್ಥಿನಿ: ಎರಡು ಹಂಗಾಮು ತೊಗರಿ ಹೊಲದಲ್ಲಿ ನಿಂತು, ಗಿಡಗಿಡದ ಕಾಯಿ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟು ನಾನು ಸಿದ್ಧಪಡಿಸಿದ ಲೇಖನಕ್ಕೆ, ಆ ಹೊಲದ ಬದುವನ್ನೂ ತುಳಿಯದ ಹಿರಿಯರೊಬ್ಬರ ಹೆಸರನ್ನು ಸೇರಿಸಬೇಕೆಂಬ ಒತ್ತಾಯವಿದೆ. ಇದು ಸರಿಯೇ?

ಬಳ್ಳಾರಿಯ ನಿವೃತ್ತ ಪ್ರಾಧ್ಯಾಪಕ: ಖಂಡಿತ ಸರಿಯಲ್ಲಮ್ಮ. ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ, ಸಂಶೋಧನೆಗೆ ಗಣನೀಯ ಕೊಡುಗೆ ನೀಡಿ, ಬರವಣಿಗೆಯಲ್ಲೋ ಪರಿಷ್ಕರಣೆಯಲ್ಲೋ ಪಾಲ್ಗೊಂಡು, ಅಂತಿಮ ಪ್ರತಿಯನ್ನು ಒಪ್ಪಿ, ಎಲ್ಲಕ್ಕೂ ಹೊಣೆ ಹೊರುವವರು ಮಾತ್ರ ಲೇಖಕರು. ಬೇರೆ ಕ್ಷೇತ್ರಗಳ ಎಷ್ಟೋ ಪತ್ರಿಕೆಗಳೂ ಇದನ್ನೇ ಪಾಲಿಸುತ್ತವೆ. ಆ ಹಿರಿಯರು ಸಲಹೆ ಕೊಟ್ಟಿದ್ದರೆ ಕೃತಜ್ಞತೆಯಲ್ಲಿ ಸ್ಮರಿಸಿದರೆ ಸಾಕು.

ಕೊಪ್ಪಳದ ಉಪನ್ಯಾಸಕಿ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿಯಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10 ದಾಟಿದರೆ ಕ್ರಮವಿದೆ, ಆದರೆ ಹೀಗೆ ಸೇರಿದ ಹೆಸರು ಹೋಲಿಕೆ ಹುಡುಕುವ ಯಾವ ತಂತ್ರಾಂಶಕ್ಕೂ ಸಿಗದು. ಆ ಅಳತೆ ಪುಸ್ತಕವನ್ನು ಜೋಪಾನವಾಗಿಡಿ. ಪತ್ರಿಕೆಯವರು ಕೊಡುಗೆಯ ವಿವರ ಕೇಳಿದಾಗ ಇದ್ದದ್ದನ್ನೇ ಬರೆಯಿರಿ.