ಹುಬ್ಬಳ್ಳಿ ಸ್ಟೇಷನ್ನಿನಿಂದ ಅತ್ತೆಗೆ

ಅತ್ತೆ, ನಮಸ್ಕಾರ. ಗ್ರೂಪಿನಲ್ಲಿ ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಪುಟ್ಟಿ ಆಫೀಸಿಗೆ ಹತ್ತು ದಿನ ರಜೆ ಹಾಕಿ, ತಾನೇ ಬರೆದ ಹಾಡುಗಳನ್ನು ಹಾಡಲು ಇನ್ನಿಬ್ಬರ ಜೊತೆ ಮೈಸೂರು, ಮಂಗಳೂರು, ಧಾರವಾಡ, ಬೆಳಗಾವಿ ಅಂತ ಹೊರಟಿದ್ದಾಳೆ. ಕಳಿಸಲಾ ಬೇಡವಾ, ಹೀಗೆ ತಿರುಗಿದರೆ ಏನು ಸಿಗುತ್ತದೆ, ಹನ್ನೊಂದು ವರ್ಷದಿಂದ ಹಾಡುತ್ತಾ ತಿರುಗುತ್ತಿರುವವಳು ನೀನೇ ಹೇಳು ಅಂದಿರಿ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ. ಈಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕೂತಿದ್ದೇನೆ, ಟ್ರೈನು ಒಂದು ಗಂಟೆ ಲೇಟು. ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ನಡುವೆ ಅನೌನ್ಸ್‌ಮೆಂಟ್ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕಳಿಸಿ ಅತ್ತೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಮಾವ ಕೆಳಗೆ ಬರೆದಿದ್ದರು, ನಮ್ಮ ಮನೆಯಲ್ಲಿ ಯಾರು ಹೀಗೆ ಊರೂರು ತಿರುಗಿದ್ದಾರೆ ಅಂತ. ಅಜ್ಜ ತಿರುಗಲಿಲ್ವಾ? ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಹಿಡಿದು ಅರ್ಧ ಆಯುಷ್ಯ ಕ್ಯಾಂಪಿನಲ್ಲೇ ಕಳೆದರು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ತಿಂಗಳು ಮನೆಗೆ ಬರುತ್ತಿರಲಿಲ್ಲ ಅಂತ ನೀವೇ ನನಗೆ ಹೇಳಿದ್ದು. ಈಗಲೂ ಬನದ ಹುಣ್ಣಿಮೆ ಹೊತ್ತಿಗೆ ಅಲ್ಲಿ ನಾಟಕ ಕಂಪನಿಗಳ ಟೆಂಟು ಸಾಲಾಗಿ ಏಳುತ್ತವೆ. ನಾನು ಹೋಗಿ ನಿಂತು ನೋಡಿ ಬಂದಿದ್ದೇನೆ.

ಆದರೆ ಒಂದು ವ್ಯತ್ಯಾಸ ಇದೆ. ಅಜ್ಜನ ಹಿಂದೆ ಒಂದು ಕಂಪನಿ ಇತ್ತು. ಅಡುಗೆಯವರಿದ್ದರು, ಸಾಮಾನು ಹೊರುವವರಿದ್ದರು, ಊರಿನ ಪರವಾನಗಿ ತರಲು ಮ್ಯಾನೇಜರ್ ಇದ್ದರು. ಅಜ್ಜ ಪೆಟ್ಟಿಗೆ ಮುಂದೆ ಕೂತು ನುಡಿಸಿದರೆ ಆಯಿತು. ಪುಟ್ಟಿಗೆ ಅವರು ಯಾರೂ ಇಲ್ಲ. ಇಂಡಿಪೆಂಡೆಂಟ್ ಅಂದರೆ ಅದೇ ಅತ್ತೆ. ಹಾಡುವವಳೂ ಅವಳೇ, ಟಿಕೆಟ್ ಬುಕ್ ಮಾಡುವವಳೂ ಅವಳೇ, ದುಡ್ಡು ಕೊಡಿ ಅಂತ ಹತ್ತು ಸಲ ಫೋನ್ ಮಾಡುವವಳೂ ಅವಳೇ. ವೇದಿಕೆ ಮೇಲೆ ಇರುವುದು ಒಂದೂವರೆ ಗಂಟೆ. ಸುಸ್ತಾಗುವುದು ಉಳಿದ ಹೊತ್ತಿನಲ್ಲಿ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಹೋದ ಫೆಬ್ರವರಿಯಲ್ಲಿ ನಾವು ಮೂವರು 8 ದಿನ ಹೋಗಿದ್ದೆವು, 3 ಕಾರ್ಯಕ್ರಮ. ಒಂದು ಕಾಲೇಜಿನಿಂದ 40,000 ಬಂತು. ಒಂದು ಚಿಕ್ಕ ಹಾಲಿನವರು 15,000 ಕೊಟ್ಟರು. ಮೂರನೆಯದು ಟಿಕೆಟ್ ಲೆಕ್ಕ. 300 ರೂಪಾಯಿಯಂತೆ 60 ಜನ ಬಂದರು, ಜಾಗದವರ ಪಾಲು ಹೋಗಿ ನಮಗೆ 12,600 ಸಿಕ್ಕಿತು. ಒಟ್ಟು 67,600. ಪ್ರಯಾಣ 9,000, ರೂಮು 10,500, ಊಟ ತಿಂಡಿ 7,200, ಸೌಂಡ್ ನೋಡಿಕೊಳ್ಳುವ ಹುಡುಗನಿಗೆ 12,000. ತಂತಿ, ಕೇಬಲ್ಲು, ರಿಪೇರಿ ಅಂತ 1,900 ತೆಗೆದಿಟ್ಟೆವು. ಕೊನೆಗೆ ತಲೆಗೆ 9,000. ಟೀ ಶರ್ಟ್ ಮಾರಿದ್ದರಿಂದ ಇನ್ನೊಂದು 3,800 ಬಂತು, ಅದನ್ನು ಮುಂದಿನ ರೆಕಾರ್ಡಿಂಗಿಗೆ ಇಟ್ಟಿದ್ದೇವೆ. ಇದು ಒಳ್ಳೆಯ ತಿರುಗಾಟದ ಲೆಕ್ಕ. ಕೈಯಿಂದ ಹಾಕಿ ಬಂದದ್ದೂ ಇದೆ.

ಹಾಡು ಆನ್‌ಲೈನಿನಲ್ಲಿ ಇದೆಯಲ್ಲ, ಅದರಿಂದ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು ವರ್ಷಕ್ಕೆ 1,000 ಸಲವಾದರೂ ಜನ ಕೇಳದಿದ್ದರೆ ಆ ಹಾಡಿಗೆ ಏನೂ ಇಲ್ಲ. ನಮ್ಮಂಥವರಿಗೆ ಕಾರ್ಯಕ್ರಮವೇ ಅನ್ನ. ಆದರೆ ಪುಟ್ಟಿ ಸಾಹಿತ್ಯ, ರಾಗ ಎರಡೂ ತಾನೇ ಮಾಡುತ್ತಾಳೆ ಅಲ್ವಾ? ಹಾಡು ಬಳಸಿದವರಿಂದ ಬರೆದವರ ರಾಯಲ್ಟಿ ವಸೂಲು ಮಾಡಿ ಕೊಡುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯಳಾಗಲಿ. ಯಾರಾದರೂ ಹಾಡು ತೆಗೆದುಕೊಳ್ಳುತ್ತೇವೆ ಅಂತ ಕಾಗದ ಮುಂದಿಟ್ಟರೆ ತಕ್ಷಣ ಸಹಿ ಹಾಕಬಾರದು. ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಬರೆಸಿಕೊಳ್ಳುವ ಹಾಗಿಲ್ಲ ಅಂತ 2012ರಲ್ಲೇ ಕಾಪಿರೈಟ್ ಕಾನೂನು ತಿದ್ದಿದ್ದಾರೆ. ಇದು ಅವಳಿಗೆ ಗೊತ್ತಿರಬೇಕು.

ಇನ್ನೊಂದು, ಅಡ್ವಾನ್ಸ್. ಒಂದು ಕಡೆ ಹಾಡಿ ಬಂದು, ಮುಂದಿನ ವಾರ ಹಾಕುತ್ತೇವೆ ಅಂದವರ ಹಿಂದೆ ಏಳು ತಿಂಗಳು ಅಲೆದೆ. ತಬಲಾದವನಿಗೆ ನನ್ನ ಕೈಯಿಂದ ಕೊಟ್ಟೆ, ಅವನ ಮನೆಯಲ್ಲಿ ಚಿಕ್ಕ ಮಗು ಇತ್ತು. ಅವತ್ತಿನಿಂದ ಅರ್ಧ ದುಡ್ಡು ಬರದೆ ಟ್ರೈನ್ ಟಿಕೆಟ್ ತೆಗೆಯುವುದಿಲ್ಲ.

ಮಂಗಳೂರಿನ ಕಾರ್ಯಕ್ರಮ ಜುಲೈನಲ್ಲಿ ಅಂತ ಪೋಸ್ಟರ್‌ನಲ್ಲಿ ನೋಡಿದೆ. ಅದೊಂದನ್ನು ಡಿಸೆಂಬರ್‌ಗೆ ಹಾಕಿಕೊಳ್ಳಲು ಹೇಳಿ. ಅಲ್ಲಿಯ ಯಕ್ಷಗಾನ ಮೇಳಗಳೇ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಹೊತ್ತಿಗೆ. ತಲೆಮಾರುಗಳಿಂದ ತಿರುಗುತ್ತಿರುವವರು ಅವರು, ಮಳೆ ಏನು ಮಾಡುತ್ತದೆ ಅಂತ ಬಲ್ಲರು. 2024ರ ಜುಲೈನಲ್ಲಿ ಘಟ್ಟದ ರೈಲುದಾರಿಯಲ್ಲಿ ಎಡಕುಮೇರಿ ಹತ್ತಿರ ಮಣ್ಣು ಕುಸಿದು ಟ್ರೈನು ನಿಂತಾಗ ನಾವು ಮಂಗಳೂರಿಗೆ ಹೋಗಬೇಕಿತ್ತು. ಮೈಸೂರು, ಮಡಿಕೇರಿ, ಸಂಪಾಜೆ ಸುತ್ತಿ ಬಸ್ಸಿನಲ್ಲಿ ಹೋದೆವು. ತಲುಪಿದಾಗ ತಬಲಾದ ಚರ್ಮ ತೇವಕ್ಕೆ ಸಡಿಲವಾಗಿತ್ತು. ಸುತ್ತಿಗೆಯಲ್ಲಿ ಎಷ್ಟು ಬಡಿದರೂ ಶ್ರುತಿ ಏರಲಿಲ್ಲ. ಹೇರ್ ಡ್ರೈಯರ್ ಹಿಡಿದು ಕಾಯಿಸಿದೆವು, ಐದು ನಿಮಿಷ ನಿಲ್ಲುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಬೇರೆ ದಾರಿ ಇರಲಿಲ್ಲ. ಅಜ್ಜನ ಹಾರ್ಮೋನಿಯಂ ಪೆಟ್ಟಿಗೆ ಬಗ್ಗೆ ನಾನು ಬರೆದ ಹಾಡನ್ನು ಶ್ರುತಿಯಲ್ಲಿ ಒಂದು ಮನೆ ಇಳಿಸಿ ಹಾಡಿದೆ.

ಅತ್ತೆ, ಅದನ್ನು ನಿಮಗೆ ಹೇಗೆ ಹೇಳಲಿ. ಮೇಲಿನ ಶ್ರುತಿಯಲ್ಲಿ ಎರಡು ವರ್ಷ ಹಾಡಿದ್ದ ಹಾಡು ಅದು. ತಗ್ಗಿಸಿ ನಿಧಾನವಾಗಿ ಹಾಡಿದಾಗ ಪ್ರತಿ ಮಾತೂ ತನಗೆ ಬೇಕಾದ ಜಾಗ ತೆಗೆದುಕೊಂಡಿತು. ಎರಡನೇ ಚರಣ ಬೇಡವೆಂದು ತೆಗೆಯಬೇಕೆಂದಿದ್ದೆ. ಜನ ಅದನ್ನೇ ಇನ್ನೊಮ್ಮೆ ಹಾಡಿ ಅಂದರು. ಆಮೇಲೆ ನಾನು ಅದನ್ನು ಮೇಲಿನ ಶ್ರುತಿಯಲ್ಲಿ ಹಾಡಿಯೇ ಇಲ್ಲ. ನಿನ್ನೆ ಧಾರವಾಡದಲ್ಲೂ ಇಳಿಸಿಯೇ ಹಾಡಿದೆ. ಮನೆಯಲ್ಲಿ ಹತ್ತು ವರ್ಷ ಪ್ರಾಕ್ಟೀಸ್ ಮಾಡಿದ್ದರೂ ಆ ಹಾಡು ಹೀಗಿದೆ ಅಂತ ನನಗೆ ತಿಳಿಯುತ್ತಿರಲಿಲ್ಲ. ಏನು ಸಿಗುತ್ತದೆ ಅಂತ ಕೇಳಿದಿರಲ್ಲ, ನನಗೆ ಸಿಕ್ಕಿದ್ದು ಇದು.

ಹೆಣ್ಣುಮಗಳು, ರಾತ್ರಿ, ಲಾಡ್ಜು ಅಂತ ನಿಮಗೆ ಒಳಗೇ ಇರುವ ಹೆದರಿಕೆ ನನಗೆ ಗೊತ್ತು. ಅದು ಸುಮ್ನೆ ಹೆದರಿಕೆ ಅಲ್ಲ. ಒಂದು ಊರಲ್ಲಿ ನನ್ನ ಜೊತೆ ಇಬ್ಬರು ಗಂಡಸರಿದ್ದಾರೆ ಅಂತ ರಾತ್ರಿ ಹನ್ನೊಂದೂವರೆಗೆ ರೂಮು ಇಲ್ಲ ಅಂದರು. ಅವಳು ರೂಮನ್ನು ತಾನೇ ಮೊದಲೇ ಬುಕ್ ಮಾಡಿ, ಫೋನ್ ಮಾಡಿ ಖಚಿತ ಮಾಡಿಕೊಳ್ಳಲಿ. ಆಯೋಜಕರು ನೋಡಿಕೊಳ್ಳುತ್ತಾರೆ ಅಂತ ಬಿಡಬಾರದು. ವಿಳಾಸ ನಿಮಗೂ ನನಗೂ ಕಳಿಸಲಿ. ಆ ನಾಲ್ಕೂ ಊರಲ್ಲಿ ನನಗೆ ಪರಿಚಯದ ಮನೆಗಳಿವೆ, ಎಷ್ಟು ಹೊತ್ತಿಗೆ ಹೋದರೂ ಬಾಗಿಲು ತೆಗೆಯುತ್ತಾರೆ. ನಂಬರ್ ಅವಳಿಗೇ ಕಳಿಸುತ್ತೇನೆ, ಗ್ರೂಪಿನಲ್ಲಿ ಬೇಡ.

ಊಟದ ಬಗ್ಗೆ ಒಂದು ಮಾತು. ಬಯಲಿನಲ್ಲಿ ರಾತ್ರಿ 10ರ ಮೇಲೆ ಮೈಕು ಹಾಕುವ ಹಾಗಿಲ್ಲ, ಕಾರ್ಯಕ್ರಮ ಅಷ್ಟರಲ್ಲಿ ಮುಗಿಯುತ್ತದೆ. ವೈರು ಸುತ್ತಿ, ಸಾಮಾನು ತುಂಬಿ, ಬಂದವರ ಜೊತೆ ಮಾತಾಡಿ ಹೊರಡುವಾಗ ಹನ್ನೊಂದೂವರೆ. ಚಿಕ್ಕ ಊರುಗಳಲ್ಲಿ ಅಷ್ಟೊತ್ತಿಗೆ ಹೋಟೆಲ್ ಮುಚ್ಚಿರುತ್ತದೆ. ಬಿಸ್ಕೆಟ್ ತಿಂದು ಮಲಗಿದರೆ ಮೂರನೇ ದಿನಕ್ಕೆ ಗಂಟಲು ಹೋಗುತ್ತದೆ. ಗಂಟಲು ಹಾಡಿದ್ದಕ್ಕಿಂತ ಜಾಸ್ತಿ ಹಾಳಾಗುವುದು ನಿದ್ದೆಗೆಟ್ಟು, ಬಸ್ಸಿನ ಸದ್ದಿನ ಮೇಲೆ ಕೂಗಿ ಮಾತಾಡಿ.

ಸಾಮಾನಿಗೆ ಟ್ರೈನೇ ಒಳ್ಳೆಯದು. ಸ್ಲೀಪರ್‌ನಲ್ಲಿ ತಲೆಗೆ 40 ಕೆಜಿ ಬಿಡುತ್ತಾರೆ, ನಮ್ಮ ಮೂವರದು ಸೇರಿ 96 ಆಗುತ್ತದೆ. ಹೊರುವುದೇ ಕಷ್ಟ. ಇಲ್ಲಿಯ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ನಮ್ಮ ಬೋಗಿ ಆ ತುದಿಗೆ ಬರುತ್ತದಂತೆ. ಆಂಪ್ಲಿಫೈಯರ್‌ಗೆ ಚಕ್ರದ ಗಾಡಿ ಕೊಳ್ಳಲು ಪುಟ್ಟಿಗೆ ಹೇಳಿ.

ಅತ್ತೆ, ಅಜ್ಜನಿಗೆ ಕಂಪನಿ ಏನು ಮಾಡುತ್ತಿತ್ತೋ ಅದನ್ನು ಈ ಹತ್ತು ದಿನ ನಾವು ಮಾಡೋಣ. ಕರಾರಿನ ಕಾಗದ ನಾನು ಓದಿ ಹೇಳುತ್ತೇನೆ, ನಾಳೆ ಮಧ್ಯಾಹ್ನದ ಮೇಲೆ ಅವಳು ಫೋನ್ ಮಾಡಲಿ. ಲೆಕ್ಕ ಮಾವ ನೋಡಲಿ, ಬ್ಯಾಂಕಿನಲ್ಲಿ ಅಷ್ಟು ವರ್ಷ ಇದ್ದವರು. ನೀವು ಅವಲಕ್ಕಿ ಹುರಿದು, ಶೇಂಗಾ ಚಟ್ನಿಪುಡಿ ಕಟ್ಟಿ ಕೊಡಿ. ಖಾರ ಕಡಿಮೆ ಇರಲಿ. ಮೂವರಿಗೂ ಆಗುವಷ್ಟು ಕಟ್ಟಿ, ಜೊತೆಗಿರುವ ಆ ಹುಡುಗರೂ ಯಾರದೋ ಮನೆ ಮಕ್ಕಳೇ. ಇಡುತ್ತೇನೆ ಅತ್ತೆ, ಟ್ರೈನು ಬರುತ್ತಿದೆ ಅಂತ ಕೂಗುತ್ತಿದ್ದಾರೆ.