ಏನು ಕುಡಿದರೆಂದು ಹೇಳುವವರಿಲ್ಲದಾಗ ಮೈ ಏನು ಹೇಳುತ್ತದೆ?

ಹಾವೇರಿ ತಾಲ್ಲೂಕಿನ ಹಳ್ಳಿಯೊಂದರ ಆರೋಗ್ಯ ಕೇಂದ್ರದಿಂದ, ಹೊಸ ಶುಶ್ರೂಷಾಧಿಕಾರಿ:
ಮೊನ್ನೆ ಒಬ್ಬ ಹುಡುಗನನ್ನು ಕರೆತಂದು "ಬಿಸಿಲು ಬಡಿದಿದೆ" ಎಂದರು. ಅವನು ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದಿದ್ದ. ಅದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿದ್ದಾನೆ. ಮನೆಯವರು ಮುಚ್ಚಿಟ್ಟಾಗ ನೀವು ಏನು ನೋಡಿ ಗುರುತಿಸುತ್ತೀರಿ?

ಗದಗ, ತುರ್ತು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದ ಶುಶ್ರೂಷಕಿ:
ತಂಗಿ, ಮೊದಲು ಮೈ ಒದ್ದೆಯೋ ಒಣಗಿದೆಯೋ ನೋಡು. ನಮ್ಮ ಹತ್ತಿ, ಮೆಣಸಿನ ಹೊಲಗಳಿಗೆ ಹೊಡೆಯುವ ಆರ್ಗನೋಫಾಸ್ಫರಸ್ ಎಣ್ಣೆಗಳು ಒಳಗೆ ಹೋದರೆ ಮನುಷ್ಯ ನೀರಾಗಿ ಹರಿಯುತ್ತಾನೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಅರಿವಿಲ್ಲದೆ ಮೂತ್ರ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ತೊಡೆಯ ಮೇಲೆ, ಎದೆಯ ಮೇಲೆ ಚರ್ಮದಡಿ ಹುಳು ಹರಿದಂತೆ ಮಾಂಸ ಅದುರುತ್ತದೆ. ಬಾಯಿಂದ ಬೆಳ್ಳುಳ್ಳಿಯ ಅಥವಾ ಸೀಮೆಎಣ್ಣೆಯ ವಾಸನೆ ಬರಬಹುದು. ನಾಡಿ ನಿಧಾನವಾಗಬೇಕೆಂದು ಓದಿರುತ್ತೀಯ. ಆದರೆ ವೇಗವಾಗಿದ್ದ ಮಾತ್ರಕ್ಕೆ ಇದಲ್ಲವೆಂದು ಬಿಡಬೇಡ, ಕೆಲವರಲ್ಲಿ ಹಾಗೂ ಇರುತ್ತದೆ.

ಜೀವ ತೆಗೆಯುವುದು ಎದೆಯೊಳಗಿನ ನೀರು. ಆದ್ದರಿಂದಲೇ ವೈದ್ಯರು ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುವಾಗ ಪಾಪೆ ದೊಡ್ಡದಾಯಿತೆಂದು ನಿಲ್ಲಿಸುವುದಿಲ್ಲ. ಎದೆಯ ಗುಳುಗುಳು ಸದ್ದು ಅಡಗಿತೇ ಎಂದು ಕೇಳುತ್ತಾರೆ.

ಒಂದು ತಪ್ಪು ಇನ್ನೂ ನನ್ನನ್ನು ಕಾಡುತ್ತದೆ. ಮೂರನೆಯ ದಿನ ಒಬ್ಬ ರೋಗಿ ಹೆಂಡತಿಯೊಂದಿಗೆ ಮಾತಾಡುತ್ತಿದ್ದ, ಗಂಜಿ ಕೇಳಿದ. ದಿಂಬಿನಿಂದ ತಲೆ ಎತ್ತಲು ಮಾತ್ರ ಆಗುತ್ತಿರಲಿಲ್ಲ. ಸುಸ್ತಿರಬೇಕೆಂದುಕೊಂಡೆ. ಸಂಜೆಗೆ ಉಸಿರು ಸೋತು ವೆಂಟಿಲೇಟರ್ ಹಾಕಬೇಕಾಯಿತು. ಬದುಕಿದ, ಆದರೆ ನನ್ನ ಎಚ್ಚರದಿಂದಲ್ಲ. ಇಂಥ ರೋಗಿಗಳಲ್ಲಿ 24ರಿಂದ 96 ಗಂಟೆಗಳ ನಡುವೆ ಕುತ್ತಿಗೆಯ ಬಲ ಹೋಗಿ, ಹಿಂದೆಯೇ ಉಸಿರಾಟದ ಸ್ನಾಯುಗಳು ಸೋಲಬಹುದು. ಅಂದಿನಿಂದ ಪ್ರತಿ ಪಾಳಿಯಲ್ಲೂ "ತಲೆ ಎತ್ತಪ್ಪ" ಎಂದು ಎತ್ತಿಸಿ ನೋಡುತ್ತೇನೆ.

ಹುಬ್ಬಳ್ಳಿ, ತುರ್ತು ಚಿಕಿತ್ಸಾ ವೈದ್ಯ:
ಅಕ್ಕಾವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಪಾಪೆ ಸೂಜಿಮೊನೆಯಷ್ಟಿದ್ದು ಮೈ ಒಣಗಿದ್ದರೆ, ಉಸಿರು ನಿಮಿಷಕ್ಕೆ ಹನ್ನೆರಡಕ್ಕಿಂತ ಕಡಿಮೆಯಾಗಿದ್ದರೆ, ಅಫೀಮು, ಹೆರಾಯಿನ್, ಮಾರ್ಫಿನ್ ಗುಂಪಿನ ನೋವಿನ ಔಷಧಿಗಳನ್ನು ಶಂಕಿಸಿ. ಮೊದಲು ಉಸಿರಿಗೆ ಆಸರೆ, ನಂತರ ಇವುಗಳ ಪರಿಣಾಮ ಇಳಿಸುವ ಮದ್ದು ನಲೋಕ್ಸೋನ್.

ಪಾಪೆ ಅರಳಿದ್ದರೆ ಕಂಕುಳಿಗೆ ಕೈ ಹಾಕಿ. ಅಲ್ಲಿ ಒಣಗಿದ್ದು, ಮೈ ಕೆಂಪಗೆ ಬಿಸಿಯಾಗಿ, ರೋಗಿ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾ ಬಡಬಡಿಸುತ್ತಿದ್ದರೆ ಮದಗುಣಿಕೆ ಬೀಜ, ಇಲ್ಲವೇ ಅದರಂತೆಯೇ ವರ್ತಿಸುವ ಮಾತ್ರೆಗಳಿರಬಹುದು. ಕಂಕುಳು ಒದ್ದೆಯಾಗಿದ್ದರೆ ಆಂಫೆಟಮಿನ್‌ನಂಥ ಉತ್ತೇಜಕಗಳತ್ತ ಯೋಚಿಸಿ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಬಂದು, ರೆಪ್ಪೆ ಜೋತುಬಿದ್ದಿದ್ದರೆ ವಿಷ ಕುಡಿದರೇ ಎಂದು ಗದರಬೇಡಿ. ಗಾಯದ ಗುರುತಿಲ್ಲದೆಯೂ ಕಟ್ಟುಹಾವು ಕಚ್ಚಿರಬಹುದು.

ನನಗೆ ಹೆಚ್ಚು ಭಯ, ಏನೂ ಲಕ್ಷಣವಿಲ್ಲದೆ ನಗುತ್ತಾ ಕೂತವರ ಬಗ್ಗೆ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರು, ಹಳದಿ ರಂಜಕವಿರುವ ಇಲಿ ಪಾಷಾಣ ತಿಂದವರು ಮೊದಲ ದಿನ ಚೆನ್ನಾಗಿಯೇ ಕಾಣಬಹುದು. ಯಕೃತ್ತು ಕೆಡುವುದು ಆಮೇಲೆ. ಪ್ಯಾರಾಸಿಟಮಾಲ್‌ಗೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ನುಂಗಿದ 8 ಗಂಟೆಯೊಳಗೆ ಸಿಕ್ಕರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಥವರನ್ನು ಮನೆಗೆ ಕಳಿಸಬೇಡಿ.

ಬ್ಯಾಡಗಿ ಕಡೆಯ ಆಂಬುಲೆನ್ಸ್ ಸಿಬ್ಬಂದಿ:
ಬಾಟಲಿ, ಚೀಟಿ, ಖಾಲಿ ಮಾತ್ರೆ ಪಟ್ಟಿ ಏನಿದ್ದರೂ ಜೊತೆಗೆ ತರಿಸಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತರಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನು ಕಂಡಕೂಡಲೇ ತಡೆಯಿರಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆ ಮೆತ್ತಿದ ಬಟ್ಟೆ ತೆಗೆದು ಮೈ ತೊಳೆಯಿರಿ, ಕೈಗವಸು ಮರೆಯಬೇಡಿ. ಮನೆಯವರು ಸುಳ್ಳು ಹೇಳುವುದು ಪೊಲೀಸರ ಭಯದಿಂದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷಿಸಲು ಹೋಗುವುದಿಲ್ಲ. ಇದನ್ನು ಮೆತ್ತಗೆ ಹೇಳಿದ ಮೇಲೆ ಬಾಯಿಬಿಟ್ಟ ತಾಯಂದಿರನ್ನು ಕಂಡಿದ್ದೇನೆ. ಚೇತರಿಸಿಕೊಂಡವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಿ.

ಪ್ರಶ್ನೆ ಕೇಳಿದವರು:
ಅಕ್ಕಾ, ನಿಮ್ಮ ಉತ್ತರ ಓದಿದ ತಕ್ಷಣ ಆ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿದೆ. ಇವತ್ತು ಹುಡುಗನಿಗೆ ಮೂರನೆಯ ದಿನ. ತಲೆ ಎತ್ತಿದನಂತೆ. ರಾತ್ರಿ ಪಾಳಿಯವರಿಗೂ ನೋಡಲು ಹೇಳಿದ್ದಾರೆ.