ಅಪ್‌ಡೇಟ್: ನೀರಿನ ಸಂಪಿನೊಳಗೆ ಬಿದ್ದ ಮೊಬೈಲ್ ಆನ್ ಆಯ್ತು!

ಸಂಪಿನಲ್ಲಿ ನೀರೆಷ್ಟಿದೆ ಅಂತ ಬಗ್ಗಿ ನೋಡುವಾಗ ಅಂಗಿ ಜೇಬಿನಿಂದ ಮೊಬೈಲ್ ಜಾರಿ ಬಿತ್ತು, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ ಅಂದಿದ್ರಿ, ಹಾಗೇ ಮಾಡಿದೆ. ಆದರೆ ನಾನು ನಿಮ್ಮ ಉತ್ತರ ಓದುವಷ್ಟರಲ್ಲಿ ಅಮ್ಮ ಅದನ್ನು ಸೋನಾ ಮಸೂರಿ ಡಬ್ಬದಲ್ಲಿ ಹೂತಿಟ್ಟಾಗಿತ್ತು. ಬೆಳಗ್ಗೆ ತೆಗೆದರೆ ಚಾರ್ಜಿಂಗ್ ತೂತಿನಲ್ಲಿ ಒಂದು ನುಚ್ಚು ನೆನೆದು ಉಬ್ಬಿ ಕೂತಿದೆ! ಅಕ್ಕಿ ನೀರು ಹೀರಿದ್ದೇನೋ ನಿಜ, ಫೋನಿನ ಒಳಗಿನದ್ದಲ್ಲ ಅಷ್ಟೆ.

ರಿಪೇರಿ ಅಂಗಡಿಯ ಹುಡುಗ ಸಿಮ್ ಟ್ರೇ ಎಳೆದು ಟಾರ್ಚ್ ಬಿಟ್ಟು ತೋರಿಸಿದ: ಬಿಳಿ ಇರಬೇಕಾದ ಪುಟ್ಟ ಸ್ಟಿಕ್ಕರ್ ಕೆಂಪಾಗಿತ್ತು. ನೀರು ಒಳಹೊಕ್ಕಿದೆ ಅನ್ನೋದಕ್ಕೆ ಅದೇ ಸಾಕ್ಷಿಯಂತೆ. ಹಿಂಬದಿ ಬಿಚ್ಚಿ ಮೊದಲು ಬ್ಯಾಟರಿ ಕನೆಕ್ಷನ್ ತೆಗೆದ. ಬೋರ್ಡ್ ಅಂಚಲ್ಲಿ ಬಿಳಿ ಪುಡಿ. ನಮ್ಮದು ಬೋರ್‌ವೆಲ್ ನೀರು, ಪಾತ್ರೆ ತಳದಲ್ಲಿ ಕಟ್ಟುತ್ತಲ್ಲ, ಅದೇ. ನೀರು ಆರಿದರೂ ಉಪ್ಪು ಉಳಿದು ತುಕ್ಕು ಹಿಡಿಸುತ್ತೆ ಅಂದ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಲ್ಲುಜ್ಜೋ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿದ.

ಒಟ್ಟು 600 ರೂಪಾಯಿ. ಸ್ಪೀಕರ್ ಮಾತ್ರ ನೆಗಡಿ ಬಂದವರ ಹಾಗೆ ಮಾತಾಡುತ್ತೆ, ಕ್ಯಾಮೆರಾ ಗಾಜಿನೊಳಗೆ ಇನ್ನೂ ಮಂಜು. ಮಗಳ ಫೋಟೋಗಳೆಲ್ಲ ಅವತ್ತು ರಾತ್ರಿಯೇ ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಹೇರ್ ಡ್ರೈಯರ್ ಹಿಡಿಯಬೇಡಿ ಎಂದು ತಡೆದವರಿಗೆ ವಿಶೇಷ ಥ್ಯಾಂಕ್ಸ್, ಪ್ಲಗ್ಗಿಗೆ ಹಾಕಿಯಾಗಿತ್ತು.